ಕೀಸ್ಟೋನ್ ಎಕ್ಸ್‌ಎಲ್ ಕೊಳವೆಮಾರ್ಗ: ಅನುಮೋದನೆಯ ವಿಳಂಬ

ಕೀಸ್ಟೋನ್ ಎಕ್ಸ್‌ಎಲ್ ಎಂಬುದು ಕೆನಡದ ಆಲ್ಬರ್ಟ ಪ್ರಾಂತದ ಭಾರ ಕಚ್ಚಾತೈಲವನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ನೆಬ್ರಾಸ್ಕ ರಾಜ್ಯಕ್ಕೆ ಒಯ್ಯಲು ಯೋಜಿಸಿದ್ದ, ಆದರೆ ಪೂರ್ಣಗೊಳ್ಳದೆ ಕೈಬಿಟ್ಟುಹೋದ ಭೂಗತ ಕೊಳವೆಮಾರ್ಗ. ಗಡಿ ದಾಟಲು ಬೇಕಾದ ಅನುಮತಿಗಾಗಿ 2008ರ ಸೆಪ್ಟೆಂಬರ್‌ನಲ್ಲಿ ಸಲ್ಲಿಸಿದ ಅರ್ಜಿಯಿಂದ ಹಿಡಿದು 2021ರ ಜೂನ್‌ನಲ್ಲಿ ಕಂಪನಿ ಯೋಜನೆಯನ್ನು ರದ್ದುಪಡಿಸುವವರೆಗೆ ಹನ್ನೆರಡೂವರೆ ವರ್ಷಕ್ಕೂ ಹೆಚ್ಚು ಕಾಲ ಈ ವಿಷಯ ಇತ್ಯರ್ಥವಾಗದೆ ಉಳಿಯಿತು. ಈ ಅವಧಿಯಲ್ಲಿ ಅದನ್ನು ಎರಡು ಬಾರಿ ತಿರಸ್ಕರಿಸಲಾಯಿತು, ಎರಡು ಬಾರಿ ಅನುಮೋದಿಸಲಾಯಿತು, ಕೊನೆಗೆ ಕೊಟ್ಟ ಪರವಾನಗಿಯನ್ನೇ ಹಿಂತೆಗೆದುಕೊಳ್ಳಲಾಯಿತು. ನಾಲ್ವರು ಅಧ್ಯಕ್ಷರ ಆಡಳಿತ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು, ನೆಬ್ರಾಸ್ಕದ ಶಾಸಕಾಂಗ, ರಾಜ್ಯದ ಮತ್ತು ಒಕ್ಕೂಟದ ನ್ಯಾಯಾಲಯಗಳು ಎಲ್ಲವೂ ಈ ಪ್ರಕರಣದಲ್ಲಿ ಭಾಗಿಯಾದವು. ದೊಡ್ಡ ಇಂಧನ ಯೋಜನೆಯೊಂದರ ಭವಿಷ್ಯವನ್ನು ತೀರ್ಮಾನದಷ್ಟೇ ತೀರ್ಮಾನದ ಮುಂದೂಡಿಕೆಯೂ ನಿರ್ಧರಿಸಬಲ್ಲದೆಂಬುದಕ್ಕೆ ಇದು ಚೆನ್ನಾಗಿ ದಾಖಲಾದ ಉದಾಹರಣೆ.

ಹಿನ್ನೆಲೆ

ಆಲ್ಬರ್ಟದ ಅಥಬಾಸ್ಕ, ಕೋಲ್ಡ್ ಲೇಕ್ ಮತ್ತು ಪೀಸ್ ರಿವರ್ ಪ್ರದೇಶಗಳ ನೆಲದಲ್ಲಿ ಮರಳು, ಜೇಡಿ, ನೀರಿನ ಜೊತೆ ಬೆರೆತ ಬಿಟುಮೆನ್ ಎಂಬ ಗಟ್ಟಿ ತೈಲಾಂಶವಿದೆ. ಈ ನಿಕ್ಷೇಪಕ್ಕೆ ತೈಲಮರಳು ಎಂದು ಹೆಸರು. ಮೇಲ್ಪದರದಲ್ಲಿರುವುದನ್ನು ತೆರೆದ ಗಣಿಗಳಲ್ಲಿ ಅಗೆದು ಬಿಸಿನೀರಿನಿಂದ ಬೇರ್ಪಡಿಸುತ್ತಾರೆ. ಆಳದಲ್ಲಿರುವುದಕ್ಕೆ ಬಾವಿ ಕೊರೆದು ಹಬೆ ನುಗ್ಗಿಸಿ, ಕರಗಿದ ಬಿಟುಮೆನ್ ಅನ್ನು ಮೇಲೆತ್ತುತ್ತಾರೆ. ಎರಡೂ ವಿಧಾನಗಳಿಗೆ ಸಾಮಾನ್ಯ ತೈಲಬಾವಿಗಿಂತ ಹೆಚ್ಚು ಶಾಖ, ಹೆಚ್ಚು ನೀರು, ಹೆಚ್ಚು ಬಂಡವಾಳ ಬೇಕು. ಹೊರಬಂದ ಬಿಟುಮೆನ್ ತಾನಾಗಿ ಕೊಳವೆಯಲ್ಲಿ ಹರಿಯುವುದಿಲ್ಲ. ಹಗುರವಾದ ಹೈಡ್ರೋಕಾರ್ಬನ್ ದ್ರವವನ್ನು ಬೆರೆಸಿ ಅದನ್ನು ತೆಳುವಾಗಿಸಬೇಕಾಗುತ್ತದೆ. ಈ ಮಿಶ್ರಣವನ್ನು ಉದ್ಯಮದಲ್ಲಿ ಡಿಲ್‌ಬಿಟ್ ಎನ್ನುತ್ತಾರೆ.

ಆಲ್ಬರ್ಟಕ್ಕೆ ಸಮುದ್ರತೀರವಿಲ್ಲ. ಆಗ ಅಲ್ಲಿನ ತೈಲಕ್ಕೆ ಅಮೆರಿಕವೇ ಬಹುಮಟ್ಟಿಗೆ ಏಕೈಕ ಗಿರಾಕಿಯಾಗಿತ್ತು. ಸಾಗಣೆಯ ವ್ಯವಸ್ಥೆ ಸಾಲದಾದಾಗಲೆಲ್ಲ ಆಲ್ಬರ್ಟದ ಭಾರ ತೈಲ ಅಮೆರಿಕದ ಹಗುರ ತೈಲಕ್ಕಿಂತ ಬಹಳ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಅತ್ತ ಟೆಕ್ಸಸ್ ಮತ್ತು ಲೂಯಿಸಿಯಾನದ ಮೆಕ್ಸಿಕೋ ಕೊಲ್ಲಿ ತೀರದ ಸಂಸ್ಕರಣಾಗಾರಗಳು ಭಾರ ತೈಲವನ್ನೇ ಅರಗಿಸಿಕೊಳ್ಳಲು ಅಪಾರ ಬಂಡವಾಳ ಹೂಡಿದ್ದವು. ಅವುಗಳಿಗೆ ಬರುತ್ತಿದ್ದ ವೆನಿಜುವೆಲ ಹಾಗೂ ಮೆಕ್ಸಿಕೋದ ತೈಲ ಕ್ಷೀಣಿಸುತ್ತಿತ್ತು. ಉತ್ತರದ ಸರಕನ್ನೂ ದಕ್ಷಿಣದ ಬೇಡಿಕೆಯನ್ನೂ ಜೋಡಿಸುವುದು ಕೀಸ್ಟೋನ್ ಯೋಜನೆಯ ವ್ಯಾಪಾರೀ ಲೆಕ್ಕಾಚಾರವಾಗಿತ್ತು.

ಯೋಜನೆಯ ರಚನೆ

ಕೀಸ್ಟೋನ್ ಮತ್ತು ಕೀಸ್ಟೋನ್ ಎಕ್ಸ್‌ಎಲ್ ಎರಡೂ ಒಂದೇ ಎಂದು ಭಾವಿಸುವುದು ವಾಡಿಕೆ. ಆದರೆ ಅವು ಬೇರೆ. ಕೀಸ್ಟೋನ್ ಎಂಬುದು ಕ್ಯಾಲ್ಗರಿ ನಗರದ ಟ್ರಾನ್ಸ್‌ಕೆನಡಾ ಕಂಪನಿ (2019ರಿಂದ ಟಿಸಿ ಎನರ್ಜಿ) ಕಟ್ಟಿದ ಇಡೀ ವ್ಯವಸ್ಥೆಯ ಹೆಸರು. ಅದರ ಮೊದಲ ಹಂತ ಆಲ್ಬರ್ಟದ ಹಾರ್ಡಿಸ್ಟಿಯಿಂದ ನೆಬ್ರಾಸ್ಕದ ಸ್ಟೀಲ್ ಸಿಟಿ ಮಾರ್ಗವಾಗಿ ಇಲಿನಾಯ್ ರಾಜ್ಯದ ವುಡ್ ರಿವರ್ ಮತ್ತು ಪಟೋಕಗಳಿಗೆ ಹೋಗುತ್ತದೆ; 2010ರಿಂದ ಅದರಲ್ಲಿ ತೈಲ ಹರಿಯುತ್ತಿದೆ. ಎರಡನೆಯ ಹಂತ ಸ್ಟೀಲ್ ಸಿಟಿಯಿಂದ ಒಕ್ಲಹೋಮದ ಕುಶಿಂಗ್‌ವರೆಗೆ, 2011ರಲ್ಲಿ ಮುಗಿಯಿತು. ಕುಶಿಂಗ್‌ನಿಂದ ಟೆಕ್ಸಸ್ ಕರಾವಳಿಗೆ ಹೋಗುವ ಭಾಗ 2014ರ ಜನವರಿಯಲ್ಲಿ ಕೆಲಸ ಆರಂಭಿಸಿತು.

ವಿವಾದಕ್ಕೆ ಗುರಿಯಾದದ್ದು ಉಳಿದ ಭಾಗ. ಹಾರ್ಡಿಸ್ಟಿಯಿಂದ ಸ್ಟೀಲ್ ಸಿಟಿಗೆ ಮೊದಲ ಹಂತದ ಕೊಳವೆ ಮ್ಯಾನಿಟೋಬದವರೆಗೆ ಪೂರ್ವಕ್ಕೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಇಳಿಯುತ್ತದೆ. ಕೀಸ್ಟೋನ್ ಎಕ್ಸ್‌ಎಲ್ ಅದೇ ಎರಡು ಊರುಗಳನ್ನು ಮೊಂಟಾನ, ಸೌತ್ ಡಕೋಟ ಮತ್ತು ನೆಬ್ರಾಸ್ಕಗಳ ಮೂಲಕ ಓರೆಯಾಗಿ, ಹತ್ತಿರದ ದಾರಿಯಲ್ಲಿ ಜೋಡಿಸಬೇಕಿತ್ತು. ಉದ್ದ ಸುಮಾರು 1,900 ಕಿ.ಮೀ.; ಕೊಳವೆಯ ವ್ಯಾಸ 36 ಅಂಗುಲ; ಸಾಮರ್ಥ್ಯ ದಿನಕ್ಕೆ 8.3 ಲಕ್ಷ ಬ್ಯಾರೆಲ್ (ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್). ಇದರಲ್ಲಿ ಲಕ್ಷ ಬ್ಯಾರೆಲ್‌ನಷ್ಟನ್ನು ಮೊಂಟಾನದ ಬೇಕರ್ ಎಂಬಲ್ಲಿ, ಬಾಕನ್ ಶಿಲಾಪದರದ ಅಮೆರಿಕದ್ದೇ ತೈಲಕ್ಕೆ ಮೀಸಲಿಡುವ ಉದ್ದೇಶವಿತ್ತು. ಕೊಳವೆಯನ್ನು ನಾಲ್ಕು ಅಡಿ ಆಳದಲ್ಲಿ ಹೂಳಬೇಕಿತ್ತು. ಕಾಮಗಾರಿಗೆ 110 ಅಡಿ ಅಗಲದ, ಆಮೇಲೆ ಶಾಶ್ವತವಾಗಿ 50 ಅಡಿ ಅಗಲದ ಪಟ್ಟಿಯ ಮೇಲೆ ಕಂಪನಿಗೆ ಹಕ್ಕು ಬೇಕಿತ್ತು. 2008ರ ಮೂಲ ಯೋಜನೆಯಲ್ಲಿ ಟೆಕ್ಸಸ್ ಕರಾವಳಿಯ ಭಾಗವೂ ಸೇರಿ ಅಂದಾಜು ವೆಚ್ಚ 700 ಕೋಟಿ ಡಾಲರ್ ಆಗಿತ್ತು.

ಕೊಳವೆಗಳನ್ನು ಒದಗಿಸಿದವರಲ್ಲಿ ಭಾರತದ ವೆಲ್‌ಸ್ಪನ್ ಸಮೂಹವೂ ಇತ್ತು. ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್‌ನಲ್ಲಿರುವ ಅದರ ಕಾರ್ಖಾನೆ ತಯಾರಿಸಿದ ನೂರಾರು ಮೈಲಿ ಉದ್ದದ ಕೊಳವೆ ಅನುಮತಿ ಬಾರದೆ ಅಂಗಳದಲ್ಲೇ ಉಳಿಯಿತು.

ಅನುಮತಿಯ ಕಾನೂನು ಚೌಕಟ್ಟು

ಅಮೆರಿಕದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ತೈಲ ಕೊಳವೆಮಾರ್ಗಕ್ಕೆ ಒಕ್ಕೂಟ ಸರ್ಕಾರದ ಒಟ್ಟಾರೆ ಅನುಮತಿ ಎಂಬುದಿಲ್ಲ. ಮಾರ್ಗದ ಆಯ್ಕೆ ಆಯಾ ರಾಜ್ಯಗಳ ಅಧಿಕಾರ. ಅಂತಾರಾಷ್ಟ್ರೀಯ ಗಡಿ ದಾಟುವಾಗ ಮಾತ್ರ ‘ಅಧ್ಯಕ್ಷೀಯ ಪರವಾನಗಿ’ ಬೇಕು. ಈ ಪರವಾನಗಿಯ ಕ್ರಮವನ್ನು ಕಾಂಗ್ರೆಸ್ಸು ಕಾಯಿದೆ ಮಾಡಿ ರೂಪಿಸಿದ್ದಲ್ಲ. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊರಡಿಸಿದ ಕಾರ್ಯಾಂಗ ಆದೇಶ 11423 ಮತ್ತು 2004ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಹೊರಡಿಸಿದ ಆದೇಶ 13337 ಆಗ ಇದಕ್ಕೆ ಆಧಾರವಾಗಿದ್ದವು. ಅವುಗಳ ಪ್ರಕಾರ ಅರ್ಜಿ ವಿದೇಶಾಂಗ ಇಲಾಖೆಗೆ ಹೋಗುತ್ತಿತ್ತು. ಆ ಇಲಾಖೆ ರಕ್ಷಣೆ, ನ್ಯಾಯ, ಒಳಾಡಳಿತ (ಇಂಟೀರಿಯರ್), ವಾಣಿಜ್ಯ, ಸಾರಿಗೆ, ಇಂಧನ, ಆಂತರಿಕ ಭದ್ರತೆ ಇಲಾಖೆಗಳ ಮತ್ತು ಪರಿಸರ ಸಂರಕ್ಷಣಾ ಏಜೆನ್ಸಿಯ ಅಭಿಪ್ರಾಯ ಪಡೆದು, ಯೋಜನೆ ‘ರಾಷ್ಟ್ರಹಿತ’ಕ್ಕೆ ಪೂರಕವೇ ಎಂದು ನಿರ್ಣಯಿಸುತ್ತಿತ್ತು. ಇಲಾಖೆಗಳಲ್ಲಿ ಒಮ್ಮತವಿಲ್ಲದಿದ್ದರೆ ಕಡತ ಅಧ್ಯಕ್ಷರ ಮೇಜಿಗೆ ಬರುತ್ತಿತ್ತು.

ವಿಳಂಬದ ಬೇರು ಈ ಚೌಕಟ್ಟಿನಲ್ಲೇ ಇತ್ತು. ರಾಷ್ಟ್ರಹಿತ ಎಂದರೇನೆಂದು ಆದೇಶಗಳು ಹೇಳಲಿಲ್ಲ. ಅಂತಿಮ ನಿರ್ಣಯಕ್ಕೆ ಗಡುವನ್ನೂ ಹಾಕಲಿಲ್ಲ. ಇದರ ಜೊತೆಗೆ 1970ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಯಂತೆ ಪರಿಸರ ಪರಿಣಾಮ ವರದಿ ಸಿದ್ಧಪಡಿಸಿ, ಕರಡನ್ನು ಸಾರ್ವಜನಿಕರ ಮುಂದಿಟ್ಟು, ಬಂದ ಆಕ್ಷೇಪಣೆಗಳಿಗೆಲ್ಲ ಉತ್ತರ ಕೊಡಬೇಕಿತ್ತು. ವಿರೋಧವಿಲ್ಲದಿದ್ದಾಗ ಈ ಕ್ರಮ ತಕ್ಕಮಟ್ಟಿಗೆ ಬೇಗನೇ ಮುಗಿಯುತ್ತಿತ್ತು. ಮೂಲ ಕೀಸ್ಟೋನ್‌ಗೆ 2006ರಲ್ಲಿ ಸಲ್ಲಿಸಿದ ಅರ್ಜಿಗೆ 2008ರ ಮಾರ್ಚ್‌ನಲ್ಲಿ ಪರವಾನಗಿ ಬಂತು. ಅದೇ ರೀತಿಯ ತೈಲ ತರುವ, ಎನ್‌ಬ್ರಿಜ್ ಕಂಪನಿಯ ಆಲ್ಬರ್ಟ ಕ್ಲಿಪ್ಪರ್ ಕೊಳವೆಮಾರ್ಗಕ್ಕೆ 2009ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರ ಆಡಳಿತವೇ ಪರವಾನಗಿ ಕೊಟ್ಟಿತ್ತು. ಕೆನಡದ ರಾಷ್ಟ್ರೀಯ ಇಂಧನ ಮಂಡಳಿ ಕೀಸ್ಟೋನ್ ಎಕ್ಸ್‌ಎಲ್‌ನ ತನ್ನ ಪಾಲಿನ ಭಾಗವನ್ನು 2010ರ ಮಾರ್ಚ್‌ನಲ್ಲಿ ಒಪ್ಪಿ ಮುಗಿಸಿತ್ತು.

ಮೊದಲ ಘಟ್ಟ: 2008–2012

ಅರ್ಜಿ ಸಲ್ಲಿಕೆಯಾದದ್ದು 2008ರ ಸೆಪ್ಟೆಂಬರ್ 19ರಂದು. 2010ರ ಏಪ್ರಿಲ್‌ನಲ್ಲಿ ವಿದೇಶಾಂಗ ಇಲಾಖೆಯ ಕರಡು ವರದಿ ಹೊರಬಂತು. ಜುಲೈನಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿ ಅದನ್ನು ಅಸಮರ್ಪಕವೆಂದು ಹೇಳಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲಬಾವಿ ದುರಂತ ನಡೆದಿತ್ತು. ಜುಲೈನಲ್ಲಿ ಮಿಶಿಗನ್ ರಾಜ್ಯದ ಕಲಮಜೂ ನದಿಗೆ ಎನ್‌ಬ್ರಿಜ್ ಕೊಳವೆಯಿಂದ ಇಪ್ಪತ್ತು ಸಾವಿರ ಬ್ಯಾರೆಲ್‌ಗೂ ಮಿಕ್ಕಿ ತೈಲ ಸೋರಿತು. ಸೋರಿದ್ದು ಡಿಲ್‌ಬಿಟ್. ಬೆರೆಸಿದ ಹಗುರ ದ್ರವ ಆವಿಯಾದ ಮೇಲೆ ಬಿಟುಮೆನ್ ತೇಲದೆ ನದಿಯ ತಳಕ್ಕೆ ಇಳಿದು, ಶುದ್ಧೀಕರಣ ವರ್ಷಗಟ್ಟಲೆ ನಡೆಯಿತು. ಆವರೆಗೆ ತಾಂತ್ರಿಕ ಕಡತವಾಗಿದ್ದ ಕೀಸ್ಟೋನ್ ಎಕ್ಸ್‌ಎಲ್ ಸಾರ್ವಜನಿಕ ಪ್ರಶ್ನೆಯಾಗಿ ಬೆಳೆಯಲು ಈ ಘಟನೆಯ ಪಾಲು ದೊಡ್ಡದು.

2011ರ ಆಗಸ್ಟ್ 26ರಂದು ಬಂದ ಅಂತಿಮ ವರದಿ, ಮಾರ್ಗದ ಉದ್ದಕ್ಕೂ ಹೆಚ್ಚಿನ ಸಂಪನ್ಮೂಲಗಳ ಮೇಲೆ ಗಣನೀಯ ಪರಿಣಾಮ ಆಗದು ಎಂದಿತು. ಆ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಶ್ವೇತಭವನದ ಎದುರು ಬರಹಗಾರ ಬಿಲ್ ಮೆಕಿಬ್ಬನ್ ಮುಂದಾಳತ್ವದ ಎರಡು ವಾರಗಳ ಸತ್ಯಾಗ್ರಹ ನಡೆಯುತ್ತಿತ್ತು. 1,253 ಮಂದಿ ಬಂಧನಕ್ಕೊಳಗಾದರು. ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅವರಲ್ಲೊಬ್ಬರು. ನವೆಂಬರ್ 6ರಂದು ಸಾವಿರಾರು ಜನ ಶ್ವೇತಭವನದ ಸುತ್ತ ಕೈಕೈ ಹಿಡಿದು ನಿಂತರು. ಅದಾದ ನಾಲ್ಕೇ ದಿನಕ್ಕೆ ವಿದೇಶಾಂಗ ಇಲಾಖೆ, ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್ ಪ್ರದೇಶವನ್ನು ತಪ್ಪಿಸುವ ಬದಲಿ ಮಾರ್ಗವನ್ನು ಪರಿಶೀಲಿಸಬೇಕೆಂದೂ ತೀರ್ಮಾನ 2013ರ ಆರಂಭಕ್ಕೆ ಹೋಗಬಹುದೆಂದೂ ಪ್ರಕಟಿಸಿತು. 2012ರ ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯಿತ್ತು. ಮುಂದೂಡಿಕೆಗೆ ನೆಬ್ರಾಸ್ಕದ ಕಾರಣ ನಿಜವಾದದ್ದೇ ಆದರೂ, ದಿನಾಂಕದ ಆಯ್ಕೆಯಲ್ಲಿ ಚುನಾವಣೆಯ ಲೆಕ್ಕವಿತ್ತೆಂಬ ಆರೋಪದಿಂದ ಆಡಳಿತ ಪೂರ್ತಿ ಹೊರಬರಲಿಲ್ಲ. ಒಬಾಮ ಅವರ ಡೆಮಾಕ್ರಟಿಕ್ ಪಕ್ಷದ ಬೆಂಬಲಿಗರೇ ಇಬ್ಭಾಗವಾಗಿದ್ದರು: ಕಟ್ಟಡ ಕಾರ್ಮಿಕರ ಸಂಘಗಳು ಕೆಲಸಕ್ಕಾಗಿ ಯೋಜನೆಯ ಪರ, ಪರಿಸರವಾದಿಗಳೂ ಕೆಲವು ಸಾರಿಗೆ ಕಾರ್ಮಿಕ ಸಂಘಗಳೂ ವಿರುದ್ಧ.

ಕಾಂಗ್ರೆಸ್ಸಿನ ರಿಪಬ್ಲಿಕನ್ನರು ಇದಕ್ಕೆ ಗಡುವಿನ ಮೂಲಕ ಉತ್ತರ ಕೊಟ್ಟರು. 2011ರ ಡಿಸೆಂಬರ್‌ನಲ್ಲಿ ಸಂಬಳದ ಮೇಲಿನ ತೆರಿಗೆ ರಿಯಾಯಿತಿಯನ್ನು ಮುಂದುವರಿಸುವ ಮಸೂದೆಗೆ, ಕೊಳವೆಮಾರ್ಗದ ಬಗ್ಗೆ 60 ದಿನಗಳೊಳಗೆ ತೀರ್ಮಾನಿಸಬೇಕೆಂಬ ಕಲಮನ್ನು ಸೇರಿಸಿದರು. ತೆರಿಗೆ ರಿಯಾಯಿತಿ ಬೇಕಿದ್ದ ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದರು. ಆದರೆ 2012ರ ಜನವರಿ 18ರಂದು, ಇಷ್ಟು ಅವಸರದ ಗಡುವಿನಲ್ಲಿ ಪೂರ್ಣ ಪರಿಶೀಲನೆ ಸಾಧ್ಯವಿಲ್ಲವೆಂದು ಅರ್ಜಿಯನ್ನು ತಿರಸ್ಕರಿಸಿದರು. ಯೋಜನೆಯ ಗುಣದೋಷದ ಮೇಲೆ ಇದು ತೀರ್ಪಲ್ಲವೆಂದೂ ಹೇಳಿದರು. ಹಾಗಾಗಿ ವಿಳಂಬವನ್ನು ಮುಗಿಸಲು ಹಾಕಿದ ಗಡುವು ಅದನ್ನು ಮೊದಲಿನಿಂದ ಶುರುಮಾಡಿಸಿತು.

ಎರಡನೆಯ ಘಟ್ಟ: 2012–2015

ಟ್ರಾನ್ಸ್‌ಕೆನಡಾ ಯೋಜನೆಯನ್ನು ಎರಡಾಗಿ ಒಡೆಯಿತು. ಕುಶಿಂಗ್‌ನಿಂದ ಟೆಕ್ಸಸ್‌ಗೆ ಹೋಗುವ ಭಾಗ ಗಡಿ ದಾಟದ ಕಾರಣ ಅದಕ್ಕೆ ಅಧ್ಯಕ್ಷೀಯ ಪರವಾನಗಿ ಬೇಕಿರಲಿಲ್ಲ. 2012ರ ಮಾರ್ಚ್‌ನಲ್ಲಿ ಒಬಾಮ ಕುಶಿಂಗ್‌ಗೇ ಹೋಗಿ ಆ ಭಾಗವನ್ನು ತ್ವರಿತಗೊಳಿಸುವುದಾಗಿ ಘೋಷಿಸಿದರು. ಉಳಿದ ಉತ್ತರ ಭಾಗಕ್ಕೆ ಮೇ 4ರಂದು ಹೊಸ ಅರ್ಜಿ ಸಲ್ಲಿಕೆಯಾಯಿತು.

2013ರ ಜೂನ್ 25ರಂದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಮಾತನಾಡಿದ ಒಬಾಮ, ಇಂಗಾಲ ಮಾಲಿನ್ಯವನ್ನು ಗಣನೀಯವಾಗಿ ಹೆಚ್ಚಿಸದಿದ್ದರೆ ಮಾತ್ರ ಯೋಜನೆ ರಾಷ್ಟ್ರಹಿತಕ್ಕೆ ಪೂರಕ ಎಂದರು. ಅಸ್ಪಷ್ಟವಾಗಿದ್ದ ರಾಷ್ಟ್ರಹಿತಕ್ಕೆ ಸಿಕ್ಕ ಮೊದಲ ನಿಖರ ಒರೆಗಲ್ಲು ಇದು. 2014ರ ಜನವರಿ 31ರ ಪೂರಕ ಅಂತಿಮ ವರದಿ ಆ ಒರೆಗಲ್ಲಿಗೆ ಎರಡು ಬಗೆಯ ಉತ್ತರ ಕೊಟ್ಟಿತು. ಒಂದು, ಕೊಳವೆ ಇಲ್ಲದಿದ್ದರೂ ತೈಲ ರೈಲಿನಲ್ಲಿ ಸಾಗುತ್ತದೆ, ಆದ್ದರಿಂದ ಗಣಿಗಾರಿಕೆಯ ವೇಗ ಹೆಚ್ಚೇನೂ ಬದಲಾಗದು. ಇನ್ನೊಂದು, ತೈಲದ ಬೆಲೆ ಬ್ಯಾರೆಲ್‌ಗೆ 65ರಿಂದ 75 ಡಾಲರ್‌ಗಳ ಆಸುಪಾಸಿಗೆ ಇಳಿದರೆ ಸಾಗಣೆ ವೆಚ್ಚವೇ ನಿರ್ಣಾಯಕವಾಗಬಹುದು. ವರದಿ ಬಂದಾಗ ಬೆಲೆ ನೂರು ಡಾಲರ್‌ಗೆ ಹತ್ತಿರವಿತ್ತು. ವರ್ಷ ಕಳೆಯುವಷ್ಟರಲ್ಲಿ ಐವತ್ತಕ್ಕಿಂತ ಕೆಳಗಿಳಿಯಿತು. 2015ರ ಫೆಬ್ರುವರಿಯಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿ ಇದನ್ನೇ ಎತ್ತಿ ತೋರಿಸಿ, ನಿಗಮನವನ್ನು ಮರುಪರಿಶೀಲಿಸಲು ಕೇಳಿತು. ಕಾಯುವಿಕೆ ಬರೀ ಕಾಲಹರಣವಾಗಿ ಉಳಿಯದೆ, ತೂಗಬೇಕಾದ ಸಂಗತಿಗಳನ್ನೇ ಬದಲಿಸಿತ್ತು.

ಈ ನಡುವೆ 2014ರ ಏಪ್ರಿಲ್ 18ರಂದು, ನೆಬ್ರಾಸ್ಕದ ಮೊಕದ್ದಮೆಯನ್ನು ಕಾರಣವಾಗಿಟ್ಟು, ಇಲಾಖೆಗಳ ಅಭಿಪ್ರಾಯಕ್ಕಿದ್ದ ಅವಧಿಯನ್ನು ಅನಿರ್ದಿಷ್ಟವಾಗಿ ವಿಸ್ತರಿಸಲಾಯಿತು. ಅದೂ ಚುನಾವಣೆಯ ವರ್ಷ. ನವೆಂಬರ್ ಮತದಾನದಲ್ಲಿ ಡೆಮಾಕ್ರಟಿಕ್ ಪಕ್ಷ ಸೆನೆಟ್ಟನ್ನು ಕಳೆದುಕೊಂಡ ಮೇಲೆ, ಮರುಮತದಾನ ಎದುರಿಸುತ್ತಿದ್ದ ಲೂಯಿಸಿಯಾನದ ಡೆಮಾಕ್ರಟ್ ಸೆನೆಟರ್ ಮೇರಿ ಲ್ಯಾಂಡ್ರೂ ತಾವೇ ಅನುಮೋದನೆಯ ಮಸೂದೆಯನ್ನು ಮತಕ್ಕೆ ತಂದರು. ಪರ 59, ವಿರುದ್ಧ 41. ಬೇಕಿದ್ದ 60ಕ್ಕೆ ಒಂದು ಮತ ಕಡಿಮೆ. ಕೆಳಮನೆಯಲ್ಲಿ ಅದೇ ಮಸೂದೆ ತಂದಿದ್ದ ಬಿಲ್ ಕ್ಯಾಸಿಡಿ ಮರುಮತದಾನದಲ್ಲಿ ಅವರನ್ನು ಸೋಲಿಸಿದರು. 2015ರ ಆರಂಭದಲ್ಲಿ ರಿಪಬ್ಲಿಕನ್ ಬಹುಮತದ ಹೊಸ ಕಾಂಗ್ರೆಸ್ಸು ಮಸೂದೆಯನ್ನು ಅಂಗೀಕರಿಸಿತು. ಅನುಮತಿ ಕೊಡುವುದು ಕಾರ್ಯಾಂಗದ ಕೆಲಸವೆಂದು ಒಬಾಮ ಫೆಬ್ರುವರಿ 24ರಂದು ವೀಟೊ ಚಲಾಯಿಸಿದರು. ಅದನ್ನು ಮೀರಲು ಮೂರನೇ ಎರಡರಷ್ಟು ಮತ ಬೇಕಿತ್ತು. ಮಾರ್ಚ್ 4ರಂದು ಸೆನೆಟ್‌ನಲ್ಲಿ ಬಿದ್ದದ್ದು 62–37.

ಆ ನವೆಂಬರ್‌ನಲ್ಲಿ ಪಾತ್ರಗಳು ಅದಲುಬದಲಾದವು. ಏಳು ವರ್ಷ ವಿಳಂಬವನ್ನು ದೂರಿದ್ದ ಕಂಪನಿಯೇ, ನೆಬ್ರಾಸ್ಕದ ಮಾರ್ಗ ಇತ್ಯರ್ಥವಾಗುವವರೆಗೆ ಪರಿಶೀಲನೆ ನಿಲ್ಲಿಸಿ ಎಂದು ನವೆಂಬರ್ 2ರಂದು ಕೇಳಿಕೊಂಡಿತು. ತೈಲದ ಬೆಲೆ ಕುಸಿದಿತ್ತು; ಹೊಸ ಅಧ್ಯಕ್ಷರ ಆಯ್ಕೆಗೆ ಒಂದು ವರ್ಷವಿತ್ತು. ಇಲಾಖೆ ಒಪ್ಪಲಿಲ್ಲ. ನವೆಂಬರ್ 6ರಂದು ವಿದೇಶಾಂಗ ಸಚಿವ ಜಾನ್ ಕೆರಿ ಅವರ ನಿರ್ಣಯದ ಮೇರೆಗೆ ಒಬಾಮ ಯೋಜನೆಯನ್ನು ತಿರಸ್ಕರಿಸಿದರು. ಅರ್ಥವ್ಯವಸ್ಥೆಗೆ ದೀರ್ಘಕಾಲದ ಲಾಭವಿಲ್ಲ, ಪೆಟ್ರೋಲ್ ಬೆಲೆ ಇಳಿಯದು, ಹವಾಮಾನ ವಿಷಯದಲ್ಲಿ ಅಮೆರಿಕದ ಮುಂದಾಳತ್ವಕ್ಕೆ ಧಕ್ಕೆ ಬರುತ್ತದೆ ಎಂಬುವು ಕೊಟ್ಟ ಕಾರಣಗಳು. ಪ್ಯಾರಿಸ್ ಹವಾಮಾನ ಸಮ್ಮೇಳನ ಆ ತಿಂಗಳ ಕೊನೆಗೆ ಆರಂಭವಾಗಲಿತ್ತು.

ನೆಬ್ರಾಸ್ಕದ ಮಾರ್ಗ ಮತ್ತು ಜಮೀನಿನ ಪ್ರಶ್ನೆ

ಸ್ಯಾಂಡ್‌ಹಿಲ್ಸ್ ಎಂಬುದು ಹುಲ್ಲು ಹಿಡಿದಿಟ್ಟ ಮರಳದಿಬ್ಬಗಳ ವಿಶಾಲ ಸೀಮೆ. ಅದರ ಕೆಳಗೆ ಎಂಟು ರಾಜ್ಯಗಳಿಗೆ ಹಬ್ಬಿದ ಒಗಲ್ಲಾಲ ಅಂತರ್ಜಲ ಪದರವಿದೆ. ಸ್ಯಾಂಡ್‌ಹಿಲ್ಸ್‌ನ ಅನೇಕ ಕಡೆ ನೀರು ನೆಲಮಟ್ಟಕ್ಕೇ ಬರುತ್ತದೆ. ನೆಬ್ರಾಸ್ಕದ ಮೆಕ್ಕೆಜೋಳದ ಬೇಸಾಯ ಮತ್ತು ಜಾನುವಾರು ಸಾಕಣೆ ಈ ನೀರನ್ನೇ ನೆಚ್ಚಿವೆ. ಆದ್ದರಿಂದ ರಿಪಬ್ಲಿಕನ್ ಪಕ್ಷದ ಗವರ್ನರ್ ಡೇವ್ ಹೈನೆಮನ್ ಅವರೇ 2011ರ ಆಗಸ್ಟ್‌ನಲ್ಲಿ ಮೂಲ ಮಾರ್ಗವನ್ನು ವಿರೋಧಿಸಿ ಅಧ್ಯಕ್ಷರಿಗೆ ಬರೆದರು. ಇದನ್ನು ಎಡ–ಬಲದ ಜಗಳವೆಂದಷ್ಟೇ ಓದುವವರು ಮರೆಯುವ ಸಂಗತಿ ಇದು.

ನವೆಂಬರ್‌ನಲ್ಲಿ ಶಾಸಕಾಂಗದ ವಿಶೇಷ ಅಧಿವೇಶನ ಸೇರಿತು. ಕಂಪನಿ ಮಾರ್ಗ ಬದಲಿಸಲು ಒಪ್ಪಿತು. 2012ರ ಎಲ್‌ಬಿ 1161 ಎಂಬ ಶಾಸನ ಮಾರ್ಗವನ್ನು ಒಪ್ಪುವ ಅಧಿಕಾರವನ್ನು ಗವರ್ನರ್‌ಗೆ ಕೊಟ್ಟಿತು. ಹೈನೆಮನ್ 2013ರ ಜನವರಿಯಲ್ಲಿ ಹೊಸ ಮಾರ್ಗವನ್ನು ಒಪ್ಪಿದರು. ಈ ಅಧಿಕಾರ ರಾಜ್ಯದ ಸಂವಿಧಾನದಂತೆ ಸಾರ್ವಜನಿಕ ಸೇವಾ ಆಯೋಗಕ್ಕೆ ಸೇರಿದ್ದೆಂದು ಜಮೀನುದಾರರು ಕೋರ್ಟಿಗೆ ಹೋದರು. 2014ರ ಫೆಬ್ರುವರಿಯಲ್ಲಿ ಕೆಳ ನ್ಯಾಯಾಲಯ ಶಾಸನವನ್ನು ಅನೂರ್ಜಿತಗೊಳಿಸಿತು. 2015ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಅದನ್ನು ಸಂವಿಧಾನಬಾಹಿರವೆಂದರು. ಆದರೆ ನೆಬ್ರಾಸ್ಕದಲ್ಲಿ ಶಾಸನವನ್ನು ಹಾಗೆ ರದ್ದುಮಾಡಲು ಐವರ ಮತ ಬೇಕು. ಬಹುಮತ ವಿರುದ್ಧವಿದ್ದರೂ ಶಾಸನ ಉಳಿಯಿತು.

ಜಮೀನು ಬಿಡದವರ ಮೇಲೆ ಖಾಸಗಿ ಕಂಪನಿಯೊಂದು ಭೂಸ್ವಾಧೀನದ ಅಧಿಕಾರವನ್ನು ಬಳಸಬಹುದೇ ಎಂಬುದು ಇಲ್ಲಿನ ರೈತರ ಮುಖ್ಯ ತಕರಾರು. ಭಾರತದಲ್ಲಿ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯಿದೆಯಂತೆ ಜಮೀನಿನ ಒಡೆತನ ರೈತರಲ್ಲೇ ಉಳಿದು, ಬಳಕೆಯ ಹಕ್ಕು ಮಾತ್ರ ಸರ್ಕಾರದ ಅಧಿಸೂಚನೆಯ ಮೂಲಕ ಹೋಗುತ್ತದೆ. ನೆಬ್ರಾಸ್ಕದಲ್ಲೂ ಕಂಪನಿ ಕೇಳಿದ್ದು ಬಳಕೆಯ ಹಕ್ಕನ್ನೇ. ಆದರೆ ಕೇಳಿದವರು ವಿದೇಶಿ ಖಾಸಗಿ ಕಂಪನಿಯವರು ಎಂಬುದು ಜನರನ್ನು ಕೆರಳಿಸಿತು. ಜೇನ್ ಕ್ಲೀಬ್ ಕಟ್ಟಿದ ಬೋಲ್ಡ್ ನೆಬ್ರಾಸ್ಕ ಸಂಘಟನೆ ಈ ಅಸಮಾಧಾನಕ್ಕೆ ರೂಪ ಕೊಟ್ಟಿತು.

ಮಾರ್ಗದ ಅಕ್ಕಪಕ್ಕದ ಮೂಲನಿವಾಸಿ ಸಮುದಾಯಗಳ ವಾದ ಇನ್ನೂ ಹಳೆಯದು. ರೋಸ್‌ಬಡ್ ಸೂ ಮುಂತಾದ ಬುಡಕಟ್ಟುಗಳು 1851 ಮತ್ತು 1868ರ ಫೋರ್ಟ್ ಲಾರಮಿ ಒಪ್ಪಂದಗಳಲ್ಲಿ ತಮಗೆ ಸೇರಿದ ಸೀಮೆಯ ಬಗ್ಗೆ ತಮ್ಮೊಡನೆ ಸರಿಯಾಗಿ ಸಮಾಲೋಚಿಸಿಲ್ಲವೆಂದು ಆಕ್ಷೇಪಿಸಿದವು. 2014ರ ಏಪ್ರಿಲ್‌ನಲ್ಲಿ ದನಗಾಹಿ ರೈತರೂ ಮೂಲನಿವಾಸಿಗಳೂ ಕೂಡಿ ವಾಷಿಂಗ್ಟನ್‌ನಲ್ಲಿ ಬಿಡಾರ ಹೂಡಿದರು. ಆ ಬಯಲಿನ ಇತಿಹಾಸ ಬಲ್ಲವರಿಗೆ ಇದು ಅಪರೂಪದ ಜೋಡಿ.

ವಾದ–ಪ್ರತಿವಾದದ ಅಂಕಿಗಳು

ಪರಿಸರ ಮತ್ತು ಉದ್ಯೋಗದ ಚರ್ಚೆ ಬಹುಪಾಲು 2014ರ ವರದಿಯ ಅಂಕಿಗಳ ಸುತ್ತಲೇ ನಡೆಯಿತು. ತೈಲಮರಳಿನ ಕಚ್ಚಾತೈಲ, ಅಮೆರಿಕದಲ್ಲಿ 2005ರಲ್ಲಿ ಸಂಸ್ಕರಿಸಿದ ಸರಾಸರಿ ತೈಲಕ್ಕಿಂತ ಸುಮಾರು ಶೇ. 17ರಷ್ಟು ಹೆಚ್ಚು ಹಸಿರುಮನೆ ಅನಿಲ ಹೊರಸೂಸುತ್ತದೆ. ಕೊಳವೆ ತುಂಬಿ ಹರಿದರೆ ಆ ತೈಲದ ಒಟ್ಟು ಹೊರಸೂಸುವಿಕೆ ವರ್ಷಕ್ಕೆ 14.7ರಿಂದ 16.8 ಕೋಟಿ ಟನ್. ಬೇರೆ ತೈಲದ ಬದಲು ಇದು ಬಂದರೆ ಆಗುವ ಹೆಚ್ಚಳ 13 ಲಕ್ಷದಿಂದ 2.74 ಕೋಟಿ ಟನ್. ವಿರೋಧಿಗಳು ದೊಡ್ಡ ಸಂಖ್ಯೆಯನ್ನೂ ಬೆಂಬಲಿಗರು ಸಣ್ಣ ಸಂಖ್ಯೆಯನ್ನೂ ಹಿಡಿದುಕೊಂಡರು.

ಉದ್ಯೋಗದಲ್ಲೂ ಅದೇ ಕಥೆ. ಕಟ್ಟುವ ಅವಧಿಯಲ್ಲಿ ನೇರ, ಪರೋಕ್ಷ ಎಲ್ಲ ಸೇರಿ ಸುಮಾರು 42,100 ಉದ್ಯೋಗ ಎಂಬುದು ಒಂದು ಅಂಕಿ. ಅದರಲ್ಲಿ ನೇರ ಕಾಮಗಾರಿಯದು, ಒಂದು ವರ್ಷದ ಕೆಲಸದ ಲೆಕ್ಕದಲ್ಲಿ, ಸುಮಾರು 3,900. ಕೊಳವೆ ಚಾಲನೆಗೆ ಬಂದ ಮೇಲೆ ಬೇಕಾಗುವವರು ಸುಮಾರು 50 ಮಂದಿ.

ರೈಲು ಸಾಗಣೆಯ ಅಪಾಯ 2013ರ ಜುಲೈ 6ರಂದು ಕೆನಡದ ಲಾಕ್ ಮೆಗಾಂಟಿಕ್ ಪಟ್ಟಣದಲ್ಲಿ ಬಾಕನ್ ತೈಲದ ರೈಲು ಹಳಿತಪ್ಪಿ 47 ಮಂದಿ ಸತ್ತಾಗ ಕಣ್ಣಿಗೆ ಕಟ್ಟಿತು. ಬೆಂಬಲಿಗರು ಇದನ್ನು ಎತ್ತಿ ಹೇಳಿದರು. ಇತ್ತ ಚಾಲನೆಯಲ್ಲಿದ್ದ ಮೂಲ ಕೀಸ್ಟೋನ್ ಕೊಳವೆಯ ಸೋರಿಕೆಗಳು ವಿರೋಧಿಗಳ ವಾದಕ್ಕೆ ಒದಗಿದವು. 2017ರ ನವೆಂಬರ್‌ನಲ್ಲಿ ಸೌತ್ ಡಕೋಟದಲ್ಲೂ 2019ರ ಅಕ್ಟೋಬರ್‌ನಲ್ಲಿ ನಾರ್ತ್ ಡಕೋಟದಲ್ಲೂ ಲಕ್ಷಗಟ್ಟಲೆ ಲೀಟರ್ ಸೋರಿತು. ಯೋಜನೆ ರದ್ದಾದ ಮೇಲೆ, 2022ರ ಡಿಸೆಂಬರ್‌ನಲ್ಲಿ ಕಾನ್ಸಸ್ ರಾಜ್ಯದ ವಾಷಿಂಗ್ಟನ್ ಕೌಂಟಿಯಲ್ಲಿ ಆದ ಸುಮಾರು 13,000 ಬ್ಯಾರೆಲ್‌ಗಳ ಸೋರಿಕೆ ಈ ವ್ಯವಸ್ಥೆಯ ಇತಿಹಾಸದಲ್ಲೇ ದೊಡ್ಡದು.

ಮೂರನೆಯ ಘಟ್ಟ: 2017–2021

ಡೊನಾಲ್ಡ್ ಟ್ರಂಪ್ ಅಧಿಕಾರಕ್ಕೆ ಬಂದ ನಾಲ್ಕನೆಯ ದಿನ, 2017ರ ಜನವರಿ 24ರಂದು, ಮತ್ತೆ ಅರ್ಜಿ ಹಾಕುವಂತೆ ಕಂಪನಿಯನ್ನು ಆಹ್ವಾನಿಸಿದರು. ಮಾರ್ಚ್ 24ರಂದು ವಿದೇಶಾಂಗ ಇಲಾಖೆ ಪರವಾನಗಿ ಕೊಟ್ಟಿತು. ಏಳು ವರ್ಷ ಹಿಡಿದ ಪ್ರಶ್ನೆಗೆ ಎರಡು ತಿಂಗಳಲ್ಲಿ, ಅದೇ ಹಳೆಯ 2014ರ ವರದಿಯ ಮೇಲೆ, ತದ್ವಿರುದ್ಧ ಉತ್ತರ ಬಂತು.

ಈ ಅವಸರ ಹೊಸ ವಿಳಂಬವನ್ನು ಹುಟ್ಟಿಸಿತು. 2018ರ ನವೆಂಬರ್ 8ರಂದು ಮೊಂಟಾನದ ಒಕ್ಕೂಟ ನ್ಯಾಯಾಧೀಶ ಬ್ರಯನ್ ಮಾರಿಸ್ ಕಾಮಗಾರಿಗೆ ತಡೆಯೊಡ್ಡಿದರು. 2015ರಲ್ಲಿ ಹವಾಮಾನದ ಬಗ್ಗೆ ತಾನೇ ಕಂಡುಕೊಂಡದ್ದನ್ನು ಇಲಾಖೆ ಸಕಾರಣ ವಿವರಣೆಯಿಲ್ಲದೆ ಬದಿಗಿಟ್ಟಿದೆ, ತೈಲದ ಬೆಲೆ ಮತ್ತು ಸೋರಿಕೆಯ ಹೊಸ ಮಾಹಿತಿಯನ್ನು ಪರಿಗಣಿಸಿಲ್ಲ ಎಂಬುದು ತೀರ್ಪಿನ ಸಾರ. 2019ರ ಮಾರ್ಚ್ 29ರಂದು ಟ್ರಂಪ್ ಹಳೆಯ ಪರವಾನಗಿಯನ್ನು ರದ್ದುಮಾಡಿ ಸ್ವತಃ ತಮ್ಮ ಸಹಿಯಲ್ಲಿ ಹೊಸದನ್ನು ಕೊಟ್ಟರು. ಪರಿಸರ ನೀತಿ ಕಾಯಿದೆ ಒಕ್ಕೂಟದ ಇಲಾಖೆಗಳನ್ನು ಕಟ್ಟಿಹಾಕುತ್ತದೆ, ಅಧ್ಯಕ್ಷರನ್ನಲ್ಲ ಎಂಬ ವಾದ ಇದರ ಹಿಂದಿತ್ತು. ಮುಂದಿನ ತಿಂಗಳು ಹೊರಟ ಆದೇಶ 13867 ಗಡಿ ದಾಟುವ ಎಲ್ಲ ಕೊಳವೆಗಳ ತೀರ್ಮಾನವನ್ನೂ ಅಧ್ಯಕ್ಷರಿಗೇ ಒಪ್ಪಿಸಿತು.

ನೆಬ್ರಾಸ್ಕದ ಸಾರ್ವಜನಿಕ ಸೇವಾ ಆಯೋಗ 2017ರ ನವೆಂಬರ್‌ನಲ್ಲಿ 3–2 ಮತಗಳಿಂದ, ಕಂಪನಿ ಬಯಸಿದ್ದನ್ನು ಬಿಟ್ಟು ಬೇರೊಂದು ಮಾರ್ಗವನ್ನು ಒಪ್ಪಿತ್ತು. 2019ರ ಆಗಸ್ಟ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2020ರ ಮಾರ್ಚ್‌ನಲ್ಲಿ ಆಲ್ಬರ್ಟ ಸರ್ಕಾರ 150 ಕೋಟಿ ಕೆನಡಿಯನ್ ಡಾಲರ್ ಬಂಡವಾಳ ಹೂಡಿ, ಸಾಲಕ್ಕೂ ಖಾತರಿ ನಿಂತಿತು. ಮರುತಿಂಗಳು ಗಡಿ ದಾಟುವ ಸುಮಾರು ಎರಡು ಕಿ.ಮೀ. ಭಾಗದ ಕೆಲಸ ಆರಂಭವಾಯಿತು. ನದಿ ದಾಟಲು ಬೇಕಾದ ಸೇನಾ ಎಂಜಿನಿಯರ್ ದಳದ ಅನುಮತಿಯನ್ನು ಮಾರಿಸ್ ಅವರ ಇನ್ನೊಂದು ತೀರ್ಪು ತಡೆಯಿತು. ಜುಲೈನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇತರ ಕೊಳವೆಮಾರ್ಗಗಳಿಗೆ ವಿನಾಯಿತಿ ಕೊಟ್ಟು ಇದೊಂದನ್ನು ತಡೆಯಲ್ಲೇ ಬಿಟ್ಟಿತು.

2021ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಜೋ ಬೈಡನ್ ಆದೇಶ 13990ರ ಮೂಲಕ ಪರವಾನಗಿಯನ್ನು ಹಿಂತೆಗೆದುಕೊಂಡರು. ಅಧ್ಯಕ್ಷರೊಬ್ಬರ ಸಹಿಯಿಂದ ಬಂದದ್ದು ಇನ್ನೊಬ್ಬರ ಸಹಿಯಿಂದ ಹೋಯಿತು. ಜೂನ್ 9ರಂದು ಟಿಸಿ ಎನರ್ಜಿ ಯೋಜನೆಯನ್ನು ರದ್ದುಪಡಿಸಿತು.

ವಿಳಂಬದ ಬಗೆಗಳು

ಈ ಪ್ರಕರಣದಲ್ಲಿ ಕಂಡ ವಿಳಂಬ ಒಂದೇ ಬಗೆಯದಲ್ಲ. ವರದಿ, ಮರುವರದಿ, ಅವಧಿ ವಿಸ್ತರಣೆಗಳು ಆಡಳಿತಾತ್ಮಕ ವಿಳಂಬ. 2011 ಮತ್ತು 2014ರ ಮುಂದೂಡಿಕೆಗಳಲ್ಲಿ ಅದರ ಜೊತೆ ಚುನಾವಣೆಯ ಕಾಲಗಣನೆಯೂ ಸೇರಿಕೊಂಡಿತ್ತು. ನೆಬ್ರಾಸ್ಕ ಮತ್ತು ಮೊಂಟಾನದ ತೀರ್ಪುಗಳಿಂದಾದದ್ದು ನ್ಯಾಯಿಕ ವಿಳಂಬ. ಅದರಲ್ಲಿ ಹೆಚ್ಚಿನದು ಅವಸರದ ತೀರ್ಮಾನಗಳಿಂದಲೇ ಹುಟ್ಟಿದ್ದು. ಕಾಂಗ್ರೆಸ್ಸಿನ ಗಡುವು ವಿಳಂಬದ ವಿರುದ್ಧದ ಅಸ್ತ್ರವಾಗಿ ಹೊರಟು ತಿರಸ್ಕಾರಕ್ಕೆ ದಾರಿಯಾಯಿತು. 2015ರಲ್ಲಿ ಅರ್ಜಿದಾರರೇ ಕೋರಿದ್ದು ವ್ಯಾಪಾರದ ಲೆಕ್ಕಾಚಾರದ ವಿಳಂಬ. ಹೋರಾಟಗಾರರ ಪಾಲಿಗೆ ವಿಳಂಬವೇ ಬೇಡಿಕೆಯಾಗಿತ್ತು. ಕಾಲ ಕಳೆದಂತೆ ವೆಚ್ಚವೂ ಬೆಳೆಯುತ್ತಿತ್ತು: ಉತ್ತರ ಭಾಗದ ಅಂದಾಜು ವೆಚ್ಚವೇ 540 ಕೋಟಿ ಡಾಲರ್‌ನಿಂದ 2014ರಲ್ಲಿ 800 ಕೋಟಿಗೆ ಏರಿತು.

ಪರಿಣಾಮಗಳು

ಆಲ್ಬರ್ಟ ಸರ್ಕಾರಕ್ಕೆ ಸುಮಾರು 130 ಕೋಟಿ ಕೆನಡಿಯನ್ ಡಾಲರ್ ನಷ್ಟವಾಯಿತು. 2016ರಲ್ಲಿ ಕಂಪನಿ ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದದಡಿ ಅಮೆರಿಕದಿಂದ 1,500 ಕೋಟಿ ಡಾಲರ್ ಪರಿಹಾರ ಕೇಳಿ, ಮರುವರ್ಷ ಪರವಾನಗಿ ಬಂದಾಗ ಹಿಂತೆಗೆದುಕೊಂಡಿತ್ತು. 2021ರಲ್ಲಿ ಅದೇ ಮೊತ್ತವನ್ನು ಮತ್ತೆ ಕೇಳಿತು. ಆ ವೇಳೆಗೆ ಒಪ್ಪಂದ ಕೊನೆಗೊಂಡಿದ್ದರಿಂದ ತನಗೆ ವಿಚಾರಣಾಧಿಕಾರವಿಲ್ಲವೆಂದು ಮಧ್ಯಸ್ಥಿಕೆ ಮಂಡಳಿ 2024ರ ಜುಲೈನಲ್ಲಿ ದಾವೆಯನ್ನು ವಜಾಮಾಡಿತು.

ಆದರೆ ತೈಲ ನಿಲ್ಲಲಿಲ್ಲ. ಎನ್‌ಬ್ರಿಜ್‌ನ ಲೈನ್ 3 ಕೊಳವೆ 2021ರಲ್ಲಿ ಹೊಸದಾಯಿತು. ಆಲ್ಬರ್ಟದಿಂದ ಪೆಸಿಫಿಕ್ ತೀರಕ್ಕೆ ಹೋಗುವ ಟ್ರಾನ್ಸ್ ಮೌಂಟನ್ ಕೊಳವೆಯನ್ನು ಕೆನಡ ಸರ್ಕಾರವೇ 2018ರಲ್ಲಿ ಕೊಂಡು, ವಿಸ್ತರಿಸಿ, 2024ರ ಮೇ 1ರಂದು ಚಾಲನೆಗೆ ತಂದಿತು. ಅದರ ಸಾಮರ್ಥ್ಯ ದಿನಕ್ಕೆ 8.9 ಲಕ್ಷ ಬ್ಯಾರೆಲ್. ವಿರೋಧದ ಕಡೆಗೂ ಈ ಪ್ರಕರಣ ಮಾದರಿಯಾಯಿತು: ಗಣಿ ಅಥವಾ ಸಂಸ್ಕರಣಾಗಾರಕ್ಕಿಂತ ನಡುವಿನ ಸಾಗಣೆ ವ್ಯವಸ್ಥೆಯನ್ನು ಗುರಿಯಾಗಿಸುವ ಕ್ರಮ ಡಕೋಟ ಆಕ್ಸೆಸ್ ಮುಂತಾದ ಕೊಳವೆಮಾರ್ಗಗಳ ವಿರುದ್ಧದ ಹೋರಾಟಗಳಲ್ಲಿ ಮುಂದುವರಿಯಿತು.

ಇಂದಿನ ಸ್ಥಿತಿ

2024ರ ಅಕ್ಟೋಬರ್‌ನಲ್ಲಿ ಟಿಸಿ ಎನರ್ಜಿ ತನ್ನ ತೈಲ ಕೊಳವೆಗಳನ್ನು ಸೌತ್ ಬೋ ಎಂಬ ಪ್ರತ್ಯೇಕ ಕಂಪನಿಗೆ ವರ್ಗಾಯಿಸಿತು. ಮೂಲ ಕೀಸ್ಟೋನ್ ಈಗ ಅದರ ಒಡೆತನದಲ್ಲಿದೆ. ಎರಡನೆಯ ಬಾರಿ ಅಧ್ಯಕ್ಷರಾದ ಟ್ರಂಪ್ 2025ರ ಜನವರಿ 20ರಂದು ಆದೇಶ 13990ನ್ನು ರದ್ದುಮಾಡಿ, ಫೆಬ್ರುವರಿಯಲ್ಲಿ ಕೀಸ್ಟೋನ್ ಎಕ್ಸ್‌ಎಲ್ ಅನ್ನು ಮತ್ತೆ ಕಟ್ಟಬೇಕೆಂದು ಕರೆಕೊಟ್ಟರು. ಆ ಯೋಜನೆಯನ್ನು ಬಿಟ್ಟು ತಾನು ಮುಂದೆ ಹೋಗಿರುವುದಾಗಿ ಸೌತ್ ಬೋ ಆಗ ಪ್ರತಿಕ್ರಿಯಿಸಿತು. ಮೂಲ ಕೀಸ್ಟೋನ್ ಕೊಳವೆ ಹಾರ್ಡಿಸ್ಟಿಯಿಂದ ಇಲಿನಾಯ್ ಮತ್ತು ಟೆಕ್ಸಸ್‌ಗೆ ತೈಲ ಸಾಗಿಸುವುದನ್ನು ಮುಂದುವರಿಸಿದೆ.